ಹಳ್ಳದಾಚೆಯ ಮಗಳು

ವಾರ್ಡಿನ ಸೀಟು ಈ ಸಲ ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾದಾಗ ಕೇರಿಯ ಜನ ಒಕ್ಕೊರಲಿನಿಂದ ಯಲ್ಲಕ್ಕನ ಹೆಸರು ಹೇಳಿದರು. ನಲ್ಲಿ ನೀರಿಗಾಗಿ ಪಂಚಾಯಿತಿ ಮೆಟ್ಟಿಲು ಹತ್ತಿ ಜಗಳಾಡುವ ಗಂಡೆದೆ ಅವಳದು. ಆದರೆ ತಹಶೀಲ್ದಾರರು ಜಾತಿ ಪ್ರಮಾಣಪತ್ರ ಕೊಡಲಿಲ್ಲ. ಅವಳು ಹುಟ್ಟಿದ್ದು ಹಳ್ಳದಾಚೆ, ಮಹಾರಾಷ್ಟ್ರದ ಗಡಹಿಂಗ್ಲಜ ಕಡೆ. ಇಲ್ಲಿಗೆ ಬಂದದ್ದು ಸೊಸೆಯಾಗಿ.

"ದೇವರು ಕೊಟ್ರೂ ಪೂಜಾರಿ ಕೊಡವಲ್ಲ ನೋಡ್ರಿ," ಎನ್ನುತ್ತ ಅವಳು ಹುಕ್ಕೇರಿಯ ವಕೀಲ ಅಖ್ತರ ಸಾಹೇಬರ ಮುಂದೆ ಕೂತಳು. ಜೊತೆಗೆ ಬಿ.ಎಡ್. ಓದುವ ಮಗಳು ಸುಜಾತಾ. ಮುಂದಿನ ತಿಂಗಳು ಯಲ್ಲಕ್ಕನ ಅಣ್ಣನ ಮಗ ಶುಭಮ್ ಜೊತೆ ಅವಳ ಲಗ್ನ. ತೊಟ್ಟಿಲಲ್ಲಿದ್ದಾಗಲೇ ಕೊಟ್ಟ ಮಾತು ಅದು.

"ಪೂಜಾರಿ ತಪ್ಪಿಲ್ಲವ್ವಾ," ಎಂದರು ವಕೀಲರು. "ಸಂವಿಧಾನದಾಗ ಹಂಗೈತಿ. ಒಂದೊಂದು ರಾಜ್ಯಕ್ಕ ಒಂದೊಂದು ಪಟ್ಟಿ. ಜಾತಿ ತಂದಿ ಕಡಿಂದ ಬರತೈತಿ. ನಿಮ್ಮ ತಂದಿ ಆಚಿ ರಾಜ್ಯದವರು, ಅದಕ್ಕ ನಿಮ್ಮ ಮೀಸಲಾತಿನೂ ಅಲ್ಲೇ."

"ಎರಡೂ ಪಟ್ಟಿಯಾಗ ನಮ್ಮ ಜಾತಿ ಐತಲ್ರಿ?"

"ಐತಿ. ಆದ್ರೂ ನಡಿಯಂಗಿಲ್ಲ."

ಯಲ್ಲಕ್ಕನಿಗೆ ಮೈಯೆಲ್ಲ ಉರಿಯಿತು. ಮದುವೆಯಾಗಿ ಬಂದ ಹೊಸತರಲ್ಲಿ ಚಹಾದಂಗಡಿಯವನು ಅವಳ ಮುಂದೆ ಬೇರೆ ಲೋಟ ಇಟ್ಟಿದ್ದ. ನೀನು ಯಾವ ರಾಜ್ಯದವಳು ಎಂದು ಆಗ ಅವನೇನೂ ಕೇಳಿರಲಿಲ್ಲ.

ಸುಜಾತಾ ಮೆಲ್ಲಗೆ ಬಾಯಿಬಿಟ್ಟಳು. "ನಾ ಲಗ್ನಾಗಿ ಆಚಿ ಹೋದ್ರ, ಸರ್?"

ವಕೀಲರು ಹೇಳಿದರು, "ನಿನಗೂ ಇದ ಕಾಯ್ದೆ. ಅಲ್ಲಿ ಸಾಲಿ ನೌಕರಿಗೆ ಅರ್ಜಿ ಹಾಕಿದ್ರ ನಿನ್ನ ಮೀಸಲಾತಿ ಹಿಡಿಯಂಗಿಲ್ಲ."

ಬಸ್ಸಿನಲ್ಲಿ ಯಲ್ಲಕ್ಕ ಕೇಳಿಯೇಬಿಟ್ಟಳು. "ಖರೆ ಹೇಳು. ಶುಭಮ್ ಮನಸಿನ್ಯಾಗ ಅದಾನೇನು?"

"ಅದಾನ," ಎಂದಳು ಸುಜಾತಾ ಕಿಟಕಿಯತ್ತ ತಿರುಗಿ. "ಆದ್ರ ನಾ ಟೀಚರ್ ಆಗಬೇಕವ್ವಾ."

ಮನೆ ಮುಟ್ಟಿದವಳೇ ಯಲ್ಲಕ್ಕ ಅಣ್ಣ ಶಿದ್ಲಿಂಗಪ್ಪನಿಗೆ ಫೋನ್ ಹಚ್ಚಿದಳು. ಅಪ್ಪ ಸತ್ತ ಮೇಲೆ ತನ್ನ ಬಾಯಿಯ ತುತ್ತು ಕೊಟ್ಟು ಅವಳನ್ನು ಬೆಳೆಸಿದ ಅಣ್ಣ ಅವನು. ಕಾಯ್ದೆಯ ಮಾತು ಕೇಳಿ ಅವನ ದನಿ ಗಡುಸಾಯಿತು.

"ನಡುವ ಒಂದು ಹಳ್ಳ ಐತಿ, ಅಷ್ಟ. ಅದಕ್ಕ ಸಂಬಂಧ ಮುರೀತೀ? ಹುಡುಗಿ ಒಲ್ಲೆ ಅಂದಳೇನು?"

ಬಾಗಿಲಲ್ಲಿ ನಿಂತ ಮಗಳ ಮುಖ ಬಿಳಿಚಿತು. ಹೌದು ಎಂದರೆ ಅಣ್ಣ ಇವತ್ತಲ್ಲ ನಾಳೆ ತಂಗಿಯನ್ನು ಕ್ಷಮಿಸಿಯಾನು, ಸೊಸೆಯಾಗಬೇಕಿದ್ದವಳನ್ನು ಎಂದೂ ಕ್ಷಮಿಸಲಾರ.

"ಆಕಿ ಏನೂ ಅಂದಿಲ್ಲ. ನಾನ ಕೊಡಂಗಿಲ್ಲ."

"ಹಂಗಾರ ತವರಮನಿ ಬಾಗಲಾ ಮುಚ್ಚೇತಂತ ತಿಳಿ."

"ಮುಚ್ಚಣ್ಣಾ," ಎಂದಳು ಯಲ್ಲಕ್ಕ. "ಹಳ್ಳ ದಾಟಿ ಬಂದು ನಾ ಲೆಕ್ಕದಾಗ ಇಲ್ಲದಂಗಾದೆ. ನನ್ನ ಮಗಳಾದ್ರೂ ಇರಲಿ."