ಮಾರಿ ಮ್ಯಾಲ ಬಂದ ಅಮ್ಮ

ಮತ್ತೊಂದು ಎಲೆ ಉದುರಿತು, ಈ ಸಲ ಮೂಗಿನ ಮೇಲೇ, ಒಣಗಿ ಸುರುಳಿಯಾದ ಬೇವಿನೆಲೆ, ತೆಗೆಯಲಿಕ್ಕೆ ಕೈ ಎತ್ತಿದ ಸಪ್ನಾ ಅಲ್ಲೇ ತಡೆದುಕೊಂಡಳು, ಮುಟ್ಟಬ್ಯಾಡ್ರಿ, ಕೆರೀಬ್ಯಾಡ್ರಿ, ಹಕ್ಕಳಿ ತಾನ ಉದುರಬೇಕು ಅಂದಿದ್ದಳು ಹುಬ್ಬಳ್ಳಿಯ ಚರ್ಮದ ಡಾಕ್ಟರು, ಬಿಸಿಲಿಗೆ ಹೋಗಬ್ಯಾಡ್ರಿ, ಒಲಿ ಮುಂದ ಕೂಡಬ್ಯಾಡ್ರಿ, ಅರಿಷಿಣ ಹಚ್ಚಬ್ಯಾಡ್ರಿ — ಎಲ್ಲ ಹೇಳಿದಳು, ನೆತ್ತಿ ಮೇಲೆ ಬೇವಿನ ತಪ್ಪಲ ತೂಗಿಸಿಕೊಂಡು ಮಲಗಬ್ಯಾಡ್ರಿ ಅಂತ ಮಾತ್ರ ಹೇಳಲಿಲ್ಲ, ಲೇಸರ್ ಮಾಡಿಸಿಕೊಂಡವಳ ಮನೆ ಬಾಗಿಲಿಗೆ ಬೇವು ಕಟ್ಟುತ್ತಾರೆಂದು ಆಕೆಗಾದರೂ ಹೇಗೆ ಹೊಳೆಯಬೇಕು, ಸಪ್ನಾ ಕೆಳತುಟಿ ಮುಂದೆ ಚಾಚಿ ಉಫ್ ಎಂದು ಊದಿದಳು, ಎಲೆ ಅಲುಗಿ ಗಲ್ಲಕ್ಕೆ ಜಾರಿತು, ಅಲ್ಲೇ ಕೂತಿತು, ಕೂತುಕೋ, ನೀನೂ ಕೂತುಕೋ. ಹೊರಗೆ ಅತ್ತೆ ಯಾರಿಗೋ ಹೇಳುತ್ತಿದ್ದಾಳೆ, ಮೆಲ್ಲಗ ಬರ್ರಿ, ಕಾಲ ತೊಳಕೊಂಡ ಬರ್ರಿ, ಅಮ್ಮ ಬಂದಾಳ — ಹೇಳುವಾಗ ಮಾಯವ್ವನ ದನಿ ಎಷ್ಟು ಮೆತ್ತಗಾಗುತ್ತದೆ, ಸೊಸೆಯ ಹೆಸರು ಹಿಡಿದು ಕರೆಯುವಾಗ ಎಂದಾದರೂ ಇಷ್ಟು ಮೆತ್ತಗಾಗಿತ್ತೇ. ಹುಬ್ಬಳ್ಳಿಯಿಂದ ಬಂದ ದಿನ ಸಪ್ನಾ ಏನನ್ನೂ ಮುಚ್ಚಿಡಲಿಲ್ಲ, ಸೆರಗು ಸರಿಸಿ ಮುಖ ತೋರಿಸಿ, ಅತ್ತಿ, ಇದು ಲೇಸರ್, ಮೂಗು ಗಲ್ಲದ ಮ್ಯಾಲಿನ ರೋಮದ ತೂತು ಸಣ್ಣ ಆಗಲಿ ಅಂತ ಮಾಡಿಸಿದೆ, ಈ ಕರಿ ಚುಕ್ಕಿ ಎಲ್ಲಾ ಉದರತಾವ, ಅಂದಿದ್ದಳು. ಮಾಯವ್ವ ಜೋಳ ಹಸನು ಮಾಡುವ ಮೊರ ಕೆಳಗಿಟ್ಟು ಬಹಳ ಹೊತ್ತು ನೋಡಿದಳು, ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಓಣ್ಯಾಗ ಇದನ್ನ ಹೇಳಬ್ಯಾಡ, ರೊಕ್ಕಾ ಕೊಟ್ಟ ಮಾರಿ ಸುಟಗೊಂಡ ಬಂದ್ಲು ಅಂತ ನಗತಾರ, ಅಮ್ಮ ಬಂದಾಳ ಅಂದ್ರ ಯಾರೂ ತುಟಿ ಪಿಟಕ್ ಅನ್ನೂದಿಲ್ಲ, ಅಂದಳು, ಸಂಜೆಯೊಳಗೆ ಬೇವಿನ ತೋರಣ ಬಾಗಿಲಿಗೂ ಮಂಚದ ನೆತ್ತಿಗೂ ಏರಿತ್ತು. ಗಂಡ ಗೌರೀಶ ಏನಾದರೂ ಅಂದಾನು ಎಂದು ಕಾದಳು, ಅವನು ಲೈನ್‌ಮನ್, ಕಂಬ ಹತ್ತಲು ಹೆದರದವನು, ಅವ್ವನ ಮುಂದೆ ಒಂದು ಮಾತೆತ್ತಲು ಹೆದರಿ, ಇರಲಿ ಬಿಡು, ನಿನಗೂ ಆರಾಮ ಆತು, ಅಂದು ಬೈಕಿನ ಕೀಲಿ ಹುಡುಕಿದ.

ಆರಾಮವಂತೆ. ಮನೆಯಲ್ಲಿ ಒಗ್ಗರಣೆ ಸಿಡಿಯುವ ಹಾಗಿಲ್ಲ, ಓಣಿಗೆ ವಾಸನೆ ಹೋದರೆ ಸುಳ್ಳು ಬಯಲಾಗುತ್ತದೆ, ಹಾಗಾಗಿ ಸಪ್ಪನೆ ಮೊಸರನ್ನ, ಮತ್ತೆ ಮೊಸರನ್ನ, ಈಗೀಗ ಅತ್ತೆಗೇ ತನ್ನ ಮಾತು ನಿಜ ಅನ್ನಿಸತೊಡಗಿದೆ, ನಿನ್ನೆ ಕಣ್ಣು ಮುಚ್ಚಿ ಕೈ ಮುಗಿದು, ತಪ್ಪಾಗಿದ್ರ ಹೊಟ್ಟಿಗೆ ಹಾಕ್ಕೊ ಯವ್ವಾ, ಅಂದಳು, ಸಪ್ನಾಳಿಗೋ, ಚುಕ್ಕಿಗಳಿಗೋ. ಚುಕ್ಕಿಗಳಾದರೂ ಎಂಥವು, ಯಾವ ಅಮ್ಮನ ಗುಳ್ಳೆ ಹೀಗೆ ಸಾಲು ಹಿಡಿದು ನಿಂತಾವು, ಗಣಿತದ ಹಾಳೆಯಲ್ಲಿ ಗೆರೆಗಳು ಕೂಡುವ ಕಡೆಯಲ್ಲೆಲ್ಲ ಪೆನ್ನು ಊರಿದ ಹಾಗೆ, ಸರಿಯಾಗಿ ನೋಡಿದವರಿಗೆ ತಿಳಿಯಬೇಕು, ಯಾರೂ ಸರಿಯಾಗಿ ನೋಡುವುದಿಲ್ಲ, ಅದೇ ಸಂಕಟ. ಅಂಗಡಿಯಲ್ಲಿ ಮಾತ್ರ ಎಲ್ಲರ ಕಣ್ಣೂ ಚೂಪು. ಸವದತ್ತಿ ಪ್ಯಾಟಿಯ ಆ ಬಂಗಾರದಂಗಡಿಯಲ್ಲಿ ಅವಳು ಮದುವೆಗೂ ಮೊದಲಿನಿಂದ ನಿಂತವಳು, ಯಾವ ಕಿವಿಗೆ ಯಾವ ಝುಮಕಿ ಒಪ್ಪುತ್ತದೆಂದು ಗಿರಾಕಿ ಮೆಟ್ಟಿಲು ಹತ್ತುವಾಗಲೇ ಹೇಳಬಲ್ಲವಳು, ಸುತ್ತಲೂ ಕನ್ನಡಿ, ಮೇಲೆ ಹಾಲಿನಂಥ ಬಿಳಿ ದೀಪ, ಆ ದೀಪ ಬಂಗಾರವನ್ನೂ ಬಿಡುವುದಿಲ್ಲ, ಮೂಗನ್ನೂ ಬಿಡುವುದಿಲ್ಲ. ರಾಮದುರ್ಗದಿಂದ ಬಂದ ಮದುಮಗಳೊಬ್ಬಳು ನತ್ತು ನೋಡುತ್ತ ನೋಡುತ್ತ, ಅಕ್ಕಾರ, ನಿಮ್ಮ ಮೂಗಿನ ಮ್ಯಾಲೇನು ರವಾ ಚೆಲ್ಲಿದಂಗ ಐತಿ, ಒಂದ ಸಲ ಒರೆಸ್ಕೋರಿ, ಅಂದಿದ್ದಳು, ಕೆಟ್ಟ ಮನಸ್ಸಿನಿಂದಲ್ಲ, ಸಪ್ನಾ ಒರೆಸಿಕೊಂಡಳು ಕೂಡ, ಒರೆಸಿದರೆ ಹೋಗುವುದಾಗಿದ್ದರೆ. ಕಡಲೆಹಿಟ್ಟು, ಮುಲ್ತಾನಿ ಮಣ್ಣು, ಬರ್ಫದ ತುಂಡು, ಟಿವಿಯವರು ಹೇಳಿದ್ದು, ತವರಿನವರು ಹೇಳಿದ್ದು, ಎಲ್ಲ ಆಯಿತು, ತೂತುಗಳು ಕೂತಲ್ಲೇ ಕೂತಿದ್ದವು. ಆಮೇಲೆ ಮಾಲಕ ವಿಜಯಣ್ಣ ಫೋನಿನಲ್ಲಿ ರೀಲ್ಸ್ ಹಾಕಲು ಹೊರಟ, ಹೊಸದಾಗಿ ಬಂದ ಪ್ರಣಿತಾಳ ಕೊರಳಿಗೆ ಬೋರಮಾಳ ಹಾಕಿಸಿದ, ಸಪ್ನಾ ತನ್ನ ಸರದಿ ಬಂತೆಂದು ಸೆರಗು ಸರಿಮಾಡಿಕೊಂಡು ಮುಂದೆ ಬಂದರೆ, ನೀ ಕೈ ಅಷ್ಟ ತೋರಿಸು ಸಪ್ನಾ, ಬಳಿ ಹಾಕ್ಕೊಂಡ್ರ ನಿನ್ನ ಕೈ ಭಾಳ ಚಲೋ ಕಾಣತಾವ, ಅಂದ. ಕೈ ಅಷ್ಟ. ಊರೆಲ್ಲ ನೋಡಿತು ಆ ಕೈಗಳನ್ನು, ಯಾರ ಕೈ ಎಂದು ಯಾರೂ ಕೇಳಲಿಲ್ಲ. ಮನೆಗೆ ಬಂದು ಗೌರೀಶನ ಮುಂದೆ ದೀಪ ಹಿಡಿದು ನಿಂತು, ನೋಡ್ರಿ, ಖರೇ ಹೇಳ್ರಿ, ಅಂದರೆ, ನನಗೇನೂ ಕಾಣಸೂದಿಲ್ಲ ಅಂದ, ಪ್ರೀತಿಯಿಂದ ಅಂದಿರಬೇಕು, ಅವಳಿಗೆ ಮಾತ್ರ ಮೈಯೆಲ್ಲ ಉರಿಯಿತು, ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಏನೂ ಕಾಣದಿದ್ದರೆ ಈ ಮನುಷ್ಯ ನೋಡಿದ್ದಾದರೂ ಏನನ್ನು.

ಹಾಗೆಂದೇ ಹುಬ್ಬಳ್ಳಿಗೆ ಹೋದಳು, ಒಬ್ಬಳೇ, ಬಸ್ಸಿನಲ್ಲಿ. ಮುಖಕ್ಕೆ ಮುಲಾಮು ಹಚ್ಚಿ ಕೂಡಿಸಿದರು, ತುಟಿ ಜೋಮು ಹಿಡಿಯಿತು, ಕಣ್ಣಿಗೆ ಕವಚ ಇಟ್ಟರು, ಕತ್ತಲೆಯಲ್ಲಿ ಚಟಚಟ ಸದ್ದು, ರೋಮ ಸುಟ್ಟ ವಾಸನೆ, ಅದು ತನ್ನದೇ ವಾಸನೆಯೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಡಾಕ್ಟರು ಮೊದಲೇ ಹೇಳಿದ್ದಳು, ತೂತು ಪೂರ್ತಿ ಮುಚ್ಚೂದಿಲ್ಲ, ಸಣ್ಣ ಕಾಣತಾವ ಅಷ್ಟ, ಮತ್ತ ಮತ್ತ ಬರಬೇಕಾಗತದ, ಸಪ್ನಾ ಹೂಂ ಎಂದಿದ್ದಳು, ಕೇಳಿಸಿಕೊಂಡೂ ಕೇಳಿಸಿಕೊಂಡಿರಲಿಲ್ಲ. ಈಗ ಮಲಗಿದಲ್ಲೇ ಕೇಳಿಸುತ್ತಿದೆ, ಪ್ರತಿ ಅಕ್ಷರ. ಬಂದವರೆಲ್ಲ ಹೊಸ್ತಿಲಲ್ಲಿ ನಿಂತು ಕೈ ಮುಗಿಯುತ್ತಾರೆ, ಎಂಥಾ ಕಳಾ ಬಂದೈತಿ ನೋಡ್ರಿ ಮಾರಿ ಮ್ಯಾಲ, ಅನ್ನುತ್ತಾರೆ, ಸುಟ್ಟ ಮೇಲೆ ಬಂತೇ ಕಳೆ, ಮೊದಲು ಎಲ್ಲಿಗೆ ಹೋಗಿತ್ತು, ಎದ್ದು ಕೂತು ಎಲ್ಲರ ಮುಂದೆ ಸುಳ್ಳು ಸುಳ್ಳು ಅಂತ ಅಂದುಬಿಡಬೇಕು ಅನಿಸುತ್ತದೆ, ಬಾಯಿ ತೆರೆದರೆ ಹಕ್ಕಳೆ ಬಿಗಿಯುತ್ತದೆ.

ಕದ ಸರಿಯಿತು, ಬಂದವಳು ಯಲ್ಲವ್ವ, ಓಣಿಯ ಕೊನೆಯ ಮನೆಯ ಮುದುಕಿ, ಖಾನಾವಳಿಗೆ ರೊಟ್ಟಿ ಬಡಿದುಕೊಡುವವಳು, ಎಲ್ಲರಿಗೂ ಆಯಿ. ಉಳಿದವರು ಹೊಸ್ತಿಲಲ್ಲೇ ನಿಂತರೆ ಇವಳು ಒಳಗೆ ಬಂದು ಮಂಚದ ಕೆಳಗೆ ಕೂತೇಬಿಟ್ಟಳು, ಸೆರಗು ಎಂದಿನಂತೆ ಮುಖದ ಅರ್ಧಕ್ಕೆ ಎಳೆದೇ ಇತ್ತು, ಸೆರಗಿನ ಹಿಂದೆ ಏನಿದೆಯೆಂದು ಓಣಿಗೆಲ್ಲ ಗೊತ್ತು, ಸಣ್ಣವಳಿದ್ದಾಗ ಸಿಡುಬು ಎದ್ದು ಗಲ್ಲ ತುಂಬ ಕುಳಿ ಬಿಟ್ಟುಹೋಗಿದೆ. ನನಗಂಜಿಕಿ ಇಲ್ಲವಾ ತಂಗಿ, ನನಗ ದೊಡ್ಡಾಕಿನ ಬಂದ ಹೋಗ್ಯಾಳ, ಅಂದಳು, ಮತ್ತೆ ತಾನಾಗಿಯೇ ಹೇಳುತ್ತ ಹೋದಳು, ತೊರಗಲ್ಲಿನ ಹುಡುಗನಿಗೆ ನನ್ನ ಕೊಡೂ ಮಾತಾಗಿತ್ತವಾ, ಅವರವ್ವ ಬಂದ ಮಾರಿ ನೋಡಿ, ನೀರ ಸೈತ ಕುಡೀಲಿಲ್ಲ, ಹೊಳ್ಳಿ ಹ್ವಾದ್ಲು, ಆಮ್ಯಾಲ ಯಾರೂ ಕೇಳಾಕ ಬರಲಿಲ್ಲ, ನಿನ್ನ ಮಾರೀ ಮ್ಯಾಲ ಒಂದ ಕಲಿ ಸೈತ ಉಳೀಬಾರದು, ಗುಡ್ಡಕ್ಕ ಉಪವಾಸ ನಡಕೋತ ಬರತೇನಿ ಅಂತ ಯಲ್ಲಮ್ಮಗ ಹರಕಿ ಹೊತ್ತೇನಿ, ನಾಳಿ ನಸುಕಿನ್ಯಾಗ ಹೋಗತೇನಿ. ಈ ಮೊಣಕಾಲಿನಲ್ಲಿ, ಈ ಬಿಸಿಲಿನಲ್ಲಿ — ಸಪ್ನಾಳಿಗೆ ಸಿಟ್ಟು ಯಾರ ಮೇಲೆ ತಿರುಗಿಸಬೇಕೋ ತಿಳಿಯಲಿಲ್ಲ, ಅತ್ತೆಯ ಮೇಲೋ, ಕೈ ಅಷ್ಟ ಅಂದವನ ಮೇಲೋ, ಹೂಂ ಎಂದು ಕುರ್ಚಿಯಲ್ಲಿ ತಲೆ ಒರಗಿಸಿದ ತನ್ನ ಮೇಲೋ. ಆಯೀ, ಹೋಗಬ್ಯಾಡ, ಅಂದಳು, ಹಕ್ಕಳೆ ಬಿಗಿದರೆ ಬಿಗಿಯಲಿ, ಇದು ಅಮ್ಮ ಅಲ್ಲ, ಹುಬ್ಬಳ್ಳ್ಯಾಗ ಮಶೀನ್‌ಲೆ ಮಾಡಿಸಿಕೊಂಡ ಬಂದೇನಿ, ಮೂಗಿನ ಮ್ಯಾಲಿನ ತೂತು ಕಾಣಬಾರದು ಅಂತ, ನಾನಾಗೇ ಹೋಗಿದ್ದೆ.

ಈಗ ಯಲ್ಲವ್ವ ಎದ್ದು ಹೋಗುತ್ತಾಳೆ, ಹೊಸ್ತಿಲಲ್ಲಿ ನಿಂತು ಬಯ್ಯುತ್ತಾಳೆ, ಸಂಜೆಗೆ ಓಣಿಯೆಲ್ಲ ಒಂದಾಗುತ್ತದೆ, ಅತ್ತೆ ತೋರಣ ಕಿತ್ತೆಸೆಯುತ್ತಾಳೆ, ಆಗಲಿ, ಬಯ್ಯಲಿ, ಯಾರಾದರೂ ಒಬ್ಬರು ನಿಜವಾಗಿ ಬಯ್ಯಲಿ ಎಂದು ಸಪ್ನಾ ಕಾದಳು. ಮುದುಕಿ ಬಾಗಿಲ ಕಡೆ ನೋಡಿದಳು, ಮಾಯವ್ವ ಅಂಗಳದಲ್ಲಿ ಯಾರದೋ ಜೊತೆ ಮಾತಿಗೆ ನಿಂತದ್ದು ಕೇಳಿಸಿತು, ಮೊಣಕಾಲಿಗೆ ಕೈ ಊರಿ ಎದ್ದಳು, ಬಾಗಿಲಿಗೆ ಹೋಗಲಿಲ್ಲ, ಕಿಟಕಿಯ ಹತ್ತಿರ ಹೋಗಿ ಬಿಸಿಲು ಬೀಳಬಾರದೆಂದು ಮುಚ್ಚಿದ್ದ ಕದ ತೆಗೆದಳು, ಬೆಳಕು ಮಂಚದ ತನಕ ಬಂತು, ಸಪ್ನಾ ಮುಖ ಹೊರಳಿಸಲಿಲ್ಲ, ಹೊರಳಿಸುವುದು ನೆನಪೇ ಆಗಲಿಲ್ಲ, ಯಾಕೆಂದರೆ ಯಲ್ಲವ್ವ ಸೆರಗು ಹಿಂದಕ್ಕೆ ಸರಿಸಿದ್ದಳು, ಗಲ್ಲವನ್ನು ಬೆಳಕಿಗೆ ಹಿಡಿದಿದ್ದಳು, ಒಂದು ಕುಳಿಯ ಮೇಲೆ ಬೆರಳಿಟ್ಟು ಸಣ್ಣ ಹುಡುಗಿ ಕೇಳುವ ಹಾಗೆ ಕೇಳಿದಳು, ಇವೂ ಹೋಗತಾವೇನ ತಂಗಿ. ಪೂರ್ತಿ ಮುಚ್ಚೂದಿಲ್ಲ, ಡಾಕ್ಟರ ಮಾತು ನಾಲಗೆಯ ತುದಿಗೆ ಬಂತು, ನಿಂತಿತು, ಸಣ್ಣ ಕಾಣತಾವ ಅಷ್ಟ, ಅದೂ ನಿಂತಿತು, ಈ ವಯಸ್ಸಿನಲ್ಲಿ ಯಾಕ ಆಯಿ ಅನ್ನಲೇ, ತೊರಗಲ್ಲಿನಿಂದ ಬಂದು ನೀರೂ ಕುಡಿಯದೆ ಹೋದವಳು ಸತ್ತು ಎಷ್ಟು ಕಾಲವಾಯಿತೋ ಅನ್ನಲೇ, ಬೆಳಕಿಗೆ ಹಿಡಿದ ಗಲ್ಲ, ಹೌದು ಅನ್ನಲೇ, ಹೌದು ಅಂದರೆ ಅದೂ ಅತ್ತೆಯ ತೋರಣದ ಹಾಗೆ ಸುಳ್ಳೇ ಆದೀತು, ಅಂಗಳದಲ್ಲಿ ಮಾತು ಮುಗಿಯಿತು, ಮಾಯವ್ವನ ಹೆಜ್ಜೆ ಇತ್ತ ಬರುತ್ತಿದೆ, ಸೆರಗು ಎಳಕೋ ಆಯೀ ಅನ್ನಬೇಕು, ಅನ್ನಲಾಗಲಿಲ್ಲ, ಆಯಿ ಎಳೆದುಕೊಳ್ಳಲೂ ಇಲ್ಲ, ಬೆರಳು ಕುಳಿಯಲ್ಲೇ ಇತ್ತು, ಗಲ್ಲ ಬೆಳಕಿಗೇ ಇತ್ತು, ಕಿಟಕಿಯ ಕಡೆ ತಿರುಗಿದ ಆ ಗಲ್ಲ.