ಎರಡು ಮಾತ್ರೆ ಸಾಕು

ಬೆಳೆದಿದೆ, ರೋಗಾಣು ಬಿಲ್ಲೆಯ ಅಂಚಿಗೆ ಒತ್ತಿಕೊಂಡೇ ಬೆಳೆದಿದೆ — ಗಾಜಿನ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ಹಿಡಿದಳು, ಕನ್ನಡಕದ ತಪ್ಪಿರಬಹುದು, ಇಷ್ಟು ವರ್ಷ ಈ ಲ್ಯಾಬಿನಲ್ಲಿ ಕೂತು ಊರ ಮಕ್ಕಳ ಭೇದಿಯನ್ನೆಲ್ಲ ಬೆಳೆಸಿ ನೋಡಿದವಳಿಗೆ ಇವತ್ತೇ ಕಣ್ಣು ಮಂಜಾಗಬೇಕೆ, ಒಂದೊಂದನ್ನೂ ಬೇರೆ ಬೇರೆ ಔಷಧಿಯಲ್ಲಿ ತೋಯಿಸಿದ ಆರು ಬಿಳಿ ಬಿಲ್ಲೆಗಳು, ರೋಗಾಣು ಸಾಯುವುದಾದರೆ ಬಿಲ್ಲೆಯ ಸುತ್ತ ಬಳೆಯಂತೆ ಖಾಲಿ ಜಾಗ ಬಿಡಬೇಕು, ಮೊದಲನೆಯದಕ್ಕಿಲ್ಲ, ಎರಡನೆಯದಕ್ಕಿಲ್ಲ, ರಕ್ತಭೇದಿಯ ಮಹಾರಾಯ ಕಾಲು ಚಾಚಿ ಮಲಗಿದ್ದಾನೆ, ತಟ್ಟೆಯ ತಳದಲ್ಲಿ ಅವಳದೇ ಕೈಬರಹ, ತಮ್ಮನ ಮಗಳ ಹೆಸರು. ಗುಬ್ಬಿ ಅಂತ ಕರೆಯುವುದು, ಇನ್ನೂ ಎರಡು ತುಂಬಿಲ್ಲ, ಅತ್ತೇ ಹೊಟ್ಟೆ ಉವ್ವಾ ಅಂದಿತ್ತು ಮೊನ್ನೆ ವಾರ್ಡಿನಲ್ಲಿ, ಅಳಲಿಕ್ಕೂ ಕಣ್ಣಲ್ಲಿ ನೀರಿಲ್ಲ, ಚರ್ಮ ಹಿಡಿದು ಬಿಟ್ಟರೆ ಮಡಿಕೆ ಮಡಿಕೆಯಾಗಿ ಹಾಗೇ ನಿಲ್ಲುತ್ತದೆ, ಮೂರನೆಯದಕ್ಕೂ ಇಲ್ಲ, ಇದನ್ನೇ ಅಲ್ಲವೇ ತಮ್ಮ ತನ್ನ ಔಷಧಿ ಅಂಗಡಿಯಲ್ಲಿ ಬಂದವರಿಗೆಲ್ಲ ಹಂಚಿದ್ದು, ಅಣ್ಣಾ ಮಗೂಗೆ ಭೇದಿ, ಎರಡು ಮಾತ್ರೆ ಸಾಕು, ಕತ್ತರಿಸಿ ಕೊಡಿ — ಕರಕ್, ಆ ಕತ್ತರಿ, ದಾರ ಕಟ್ಟಿ ಕೌಂಟರಿಗೆ ನೇತುಹಾಕಿದ ಕತ್ತರಿ, ನಾಲ್ಕು ದಿನದ್ದು ಪೂರ್ತಿ ಕೊಡೋ ಅಂದರೆ, ಅಕ್ಕಾ, ಭೇದಿ ನಿಂತ ಮೇಲೆ ಯಾರು ನುಂಗ್ತಾರೆ, ನೀನು ಲ್ಯಾಬಿನಲ್ಲಿ ಕೂತು ಹೇಳ್ತೀಯ, ವ್ಯಾಪಾರ ನಾನು ಮಾಡಬೇಕು. ಮನೆಗೂ ಅದೇ ನ್ಯಾಯ, ಗುಬ್ಬಿ ಒಮ್ಮೆ ನೀರಾಗಿ ಹೋದರೆ ಸಾಕು, ಅರ್ಧ ಚಮಚ ಸಿರಪ್ಪು, ನಿಂತಿತೋ ಬಾಟಲಿ ಫ್ರಿಜ್ಜಿನ ಬಾಗಿಲಿಗೆ, ಮುಂದಿನ ಸಲಕ್ಕೆ, ಅರೆಸತ್ತ ರೋಗಾಣುವಿಗೆ ಪಾಠ ಹೇಳಿಕೊಟ್ಟು ಮನೆಗೆ ಕಳಿಸಿದ ಹಾಗೆ, ನಾಲ್ಕನೆಯದಕ್ಕೂ ಇಲ್ಲ, ಐದನೆಯದು ಈಗ ಆಸ್ಪತ್ರೆಯಲ್ಲಿ ಮಗುವಿನ ಕೈಗೆ ಚುಚ್ಚುತ್ತಿರುವುದು, ಅದಕ್ಕೂ ಇಲ್ಲ, ಅಂದರೆ ಮೊನ್ನೆಯಿಂದ ಆ ಪುಟ್ಟ ನರಕ್ಕೆ ಸೂಜಿ ಚುಚ್ಚಿದ್ದೆಲ್ಲ ದಂಡ, ಹೊಟ್ಟೆ ಉರಿಯುತ್ತದೆ, ಯಾರ ಮೇಲೆ ಉರಿಯಬೇಕು, ಆರನೆಯದು, ಆರನೆಯದರ ಸುತ್ತ ಬಳೆ ಇದೆ, ದೊಡ್ಡದಲ್ಲ, ಆದರೆ ಇದೆ, ಅಳತೆಪಟ್ಟಿ ಇಟ್ಟು ನೋಡಿದಳು, ಮತ್ತೆ ಇಟ್ಟಳು, ಸಾಕು, ಇಷ್ಟಿದ್ದರೆ ಸಾಕು. ಅದಿನ್ನೂ ತಮ್ಮನ ಅಂಗಡಿಯ ಮೆಟ್ಟಿಲು ಹತ್ತಿಲ್ಲ, ಅದಕ್ಕೇ ಉಳಿದುಕೊಂಡಿದೆ.

ವಾರ್ಡಿನ ಡಾಕ್ಟರಿಗೆ ಮೊದಲು ಫೋನು ಮಾಡಿ ಹೇಳಿದಳು, ಈಗಲೇ ಬದಲಾಯಿಸ್ತೀವಿ ಅಂದರು, ಆಮೇಲೆ ತಮ್ಮನಿಗೆ, ಹೆಂಡತಿಯನ್ನು ಮಗುವಿನ ಹತ್ತಿರ ಕೂರಿಸಿ ಅಂಗಡಿ ತೆಗೆದಿದ್ದಾನೆ ಪುಣ್ಯಾತ್ಮ, ಒಂದೇ ಒಂದು ಔಷಧಿ ಉಳಿದಿದೆ ಕಣೋ, ಅಂದಳು, ಆ ಕಡೆ ಬಿಕ್ಕಿದ, ಗಂಡಸು, ಮಗುವಿನ ಹಾಗೆ ಬಿಕ್ಕಿದ, ಅವಳಿಗೆ ಪಾಪ ಅನ್ನಿಸಿತು, ಸಿಟ್ಟೆಲ್ಲ ಇಳಿಯುವುದರಲ್ಲಿತ್ತು, ಮೂಗು ಒರೆಸಿಕೊಂಡು ಕೇಳಿದ, ಅಕ್ಕಾ, ಅದರ ಹೆಸರೇನು ಹೇಳು, ಒಂದು ಡಬ್ಬ ತರಿಸಿಡ್ತೀನಿ, ಈಗ ಎಲ್ಲರ ಮನೆ ಮಕ್ಕಳಿಗೂ ಇದೇ ಭೇದಿ — ಒಂದ್ನಿಮಿಷ ಅಕ್ಕಾ, ಏನಮ್ಮಾ, ಎರಡು ಸಾಕಾ — ಫೋನು ಕಿವಿಯಲ್ಲೇ ಇದೆ, ಕಣ್ಣು ಆರನೆಯ ಬಿಲ್ಲೆಯ ಮೇಲೆ, ಅದರ ಸುತ್ತಲಿನ ಆ ಸಣ್ಣ ಖಾಲಿ ಬಳೆಯ ಮೇಲೆ, ಕರಕ್, ದಾರ ಕಟ್ಟಿದ ಕತ್ತರಿ, ಕರಕ್,