ಹಗೇವಿನಲ್ಲಿಟ್ಟ ಹಾರ

ನನ್ನ ತಮ್ಮ ಕದಿರೇಶನಿಗೆ ತಮಾಷೆ ಮಾಡುವ ಚಟ. ಮದುವೆಯಾದ ಹದಿನೈದನೇ ದಿನ ಮಿಲಿಟರಿ ಲಾರಿ ಓಡಿಸಲು ಹೊರಟು ನಿಂತವನು, ಒಂದು ಒಳ್ಳೆಯ ಮಾತಾಡಿ ಹೋಗಬಾರದಿತ್ತೇ? ಗೋಡೆಯ ಗೂಟಕ್ಕೆ ತೂಗುಹಾಕಿದ್ದ ಮದುವೆಯ ಹಾರ ತೋರಿಸಿ ಹೆಂಡತಿಗೆ, "ಬಂದ್ಮೇಲೆ ಇದನ್ನೇ ಹಾಕ್ಕೊಂಡು ಒಳಕ್ಕೆ ಬರ್ತೀನಿ. ಹಾಳು ಮಾಡಿದ್ಯೋ, ಬಾಗಿಲಿಂದಾನೇ ವಾಪಸ್ ಹೋಗ್ತೀನಿ ಕಣೇ" ಅಂದ. ನಾವೆಲ್ಲ ನಕ್ಕೆವು. ಹದಿನಾರು ವರ್ಷದ ಮುತ್ಯಾಲಮ್ಮ ನಗಲಿಲ್ಲ. ಅದು ೧೯೪೧ನೇ ಇಸವಿಯ ವೈಶಾಖ.

ಮುತ್ಯಾಲಮ್ಮ ಮುಳಬಾಗಿಲಿನ ಆಚೆ, ತೆಲುಗು ಸೀಮೆಗೆ ತಾಗಿದ ಹಳ್ಳಿಯವಳು. ಅವಳ ಅಪ್ಪ ವೆಂಕಟರಮಣಪ್ಪನವರು ಹೂವಿನ ತೋಟ ಮಾಡಿದವರು. ಹೂವು ಬೆಳೆಯುವುದು ಅವರಿಗೆ ಗೊತ್ತಿತ್ತು. ಉಳಿಸುವುದನ್ನು ಈ ಹುಡುಗಿ ತಾನೇ ಕಲಿತಳು. ನಮ್ಮ ಶ್ರೀನಿವಾಸಪುರದ ಕಡೆ ಬಿಸಿಲಿಗಿಟ್ಟ ಹೂವು ಸಂಜೆಯೊಳಗೆ ಸುಟ್ಟು ಹೋಗುತ್ತದೆ, ಮಳೆ ಹಿಡಿದರೆ ಬೂಷ್ಟು ಕಟ್ಟುತ್ತದೆ. ಹಾರದ ಮಲ್ಲಿಗೆ ಅವನು ಹೊರಡುವ ಮೊದಲೇ ಕಂದಿತ್ತು. ಅದನ್ನು ಒಂದೊಂದಾಗಿ ಬಿಡಿಸಿ ತುಳಸಿಯ ಬುಡಕ್ಕೆ ಹಾಕಿದಳು. ಉಳಿದದ್ದು ದವನ, ಮರುಗ, ಒಣಗಿದರೂ ಬಣ್ಣ ಬಿಡದ ನೇರಳೆ ವಾಡಾಮಲ್ಲಿ. ಕೆರೆಯ ಮರಳನ್ನು ಜರಡಿ ಹಿಡಿದು, ಹೆಂಚಿನ ಮೇಲೆ ಹುರಿದು, ಆರಿಸಿ, ಮಡಕೆಯಲ್ಲಿ ಹಾರದ ಸುತ್ತ ಬೆರಳ ಸಂದಿಯಿಂದ ಸುರಿದಳು. ಹೂವು ಗರಿಗರಿಯಾದ ಮೇಲೆ ಮರಳು ತೆಗೆದು, ಕುಂಬಳದ ಬೀಜ ಕಾಪಾಡುವ ಹಾಗೆ ಬೂದಿಯಲ್ಲಿ ಹುಗಿದು ಮೇಲೆ ಬೇವಿನ ಸೊಪ್ಪು ಹೊದಿಸಿದಳು. ತಿಂಗಳಿಗೊಮ್ಮೆ ಬೂದಿ ಬದಲಾಯಿಸುತ್ತಿದ್ದಳು.

"ಈ ಮುತುವರ್ಜಿ ಸಾರಿನ ಮೇಲೆ ಇದ್ದಿದ್ರೆ ನಾವೂ ಎರಡು ತುತ್ತು ಜಾಸ್ತಿ ಉಣ್ತಿದ್ವಿ" ಎಂದು ನಾನು ಕುಟುಕುತ್ತಿದ್ದೆ.

"ವದಿನಾ, ಸಾರು ಕೆಟ್ರೆ ನಾಳೆ ಮಾಡ್ಬೋದು" ಅನ್ನುತ್ತಿದ್ದಳು. ಗಂಡನ ಅಕ್ಕನಾದ ನನ್ನನ್ನು ಅವಳು ತೆಲುಗಿನಲ್ಲಿ ಹಾಗೆ ಕರೆಯುತ್ತಿದ್ದಳು.

ನಾನು ಆಂಜಿನಮ್ಮ. ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ತವರು ಸೇರಿದವಳು. ಬಳೆ ಒಡೆಯುವ ದಿನ ಹೆಂಗಸರು ಮೊಣಕೈಯನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಾರೆ ಎಂಬುದು ನನ್ನ ಮೊಣಕೈಗೆ ಗೊತ್ತು. ನಮ್ಮ ಜನರಲ್ಲಿ ಸೀರುಡಿಕೆ ಉಂಟು. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಬ್ಬನ ಮನೆಗೆ ಕಳಿಸುತ್ತಾರೆ. ನನ್ನನ್ನೂ ಒಬ್ಬರು ಕೇಳಿಕೊಂಡು ಬಂದಿದ್ದರು. ಮನೆಯಲ್ಲಿ ಕೆಲಸಕ್ಕೆ ಯಾರು ಎಂದು ನಮ್ಮಮ್ಮ ದೊಡ್ಡಗಂಗಮ್ಮ ಒಪ್ಪಲಿಲ್ಲ. ಅಮ್ಮನ ಮೇಲಿನ ಆ ಸಿಟ್ಟು ಇವತ್ತಿಗೂ ಇದೆ, ಸುಳ್ಳು ಯಾಕೆ ಹೇಳಲಿ.

ಸುಳ್ಳು ಹೇಳಿದ್ದು ಬೇರೆ ಕಡೆ. ೧೯೪೨ರ ದಸರಾ ಕಳೆದ ವಾರ ಅಂಚೆಯವನು ಬಾವಿಯ ಹತ್ತಿರ ನನ್ನ ಕೈಗೆ ಒಂದು ಕಾಗದ ಕೊಟ್ಟ. ಬರ್ಮಾದಿಂದ ಕದಿರೇಶನ ಸುದ್ದಿ ನಿಂತು ಹತ್ತು ತಿಂಗಳಾಗಿತ್ತು. ಸುಳಿವಿಲ್ಲ ಎಂದಷ್ಟೇ ಸರ್ಕಾರದವರು ತಿಳಿಸಿದ್ದರು. ಈ ಕಾಗದ ಬರೆದವನು ಮಾಲೂರಿನ ಕಡೆಯ ಆವಲಪ್ಪ, ತಮ್ಮನ ಜೊತೆ ಒಂದೇ ಲಾರಿಯಲ್ಲಿದ್ದ ಸಿಪಾಯಿ. ಮೂರನೇ ಕ್ಲಾಸು ಓದಿದ ನಾನು ಅಕ್ಷರ ಕೂಡಿಸಿ ಓದಿದೆ. ಬರ್ಮಾ ಬಿಟ್ಟು ಕಾಡಿನಲ್ಲಿ ನಡೆದು ಬರುವಾಗ ಕದಿರೇಶನಿಗೆ ಜ್ವರ ಹಿಡಿಯಿತು, ತನ್ನ ತೊಡೆಯ ಮೇಲೆಯೇ ಪ್ರಾಣ ಬಿಟ್ಟ, ತಾನೇ ಮಣ್ಣು ಮಾಡಿದೆ ಎಂದು ಬರೆದಿದ್ದ.

ಕೊಡ ಎತ್ತಿಕೊಂಡು ಮನೆಗೆ ಬಂದೆ. ಮುತ್ಯಾಲಮ್ಮ ನಡುಮನೆಯಲ್ಲಿ ಕೂತು ಹಾರದ ಬೂದಿ ಬದಲಾಯಿಸುತ್ತಿದ್ದಳು. ಎರಡೂ ಕೈ ತುಂಬ ಹಸಿರು ಬಳೆ. ಕಾಗದವನ್ನು ಅಟ್ಟದ ಮೇಲೆ ಮಣ್ಣಿನ ಗೋಡೆಗೂ ತೊಲೆಗೂ ನಡುವಿನ ಸಂದಿಯಲ್ಲಿ ತುರುಕಿ ಕೆಳಗಿಳಿದೆ.

"ಅಂಚೆಯವ್ನು ಏನಂದ?" ಎಂದು ಅಮ್ಮ ಕೇಳಿದಳು.

"ಏನೂ ಇಲ್ಲ ಅಂದ."

ಅಮ್ಮ ಅಳಲು ಶುರು ಮಾಡಿದಳು. ನನ್ನ ಮಗ ಇದಾನೋ ಇಲ್ವೋ, ಯಾವ ದೇವರಾದ್ರೂ ಹೇಳಬಾರದಾ ಎಂದು ಹಣೆ ಚಚ್ಚಿಕೊಂಡಳು. ನನಗೆ ದುಃಖ ಬಂದರೆ ಮೊದಲು ಸಿಟ್ಟೇ ಹೊರಗೆ ಬರುವುದು. "ಹಾರ ಕೆಟ್ಟಿಲ್ವಲ್ಲ, ಸುಮ್ನಿರು. ಹೆಂಡ್ತಿ ಕೈಯಲ್ಲಿ ಮದ್ವೆ ಹಾರ ಕೆಡದೆ ಇದ್ರೆ ಗಂಡ ಎಲ್ಲಿದ್ರೂ ಕ್ಷೇಮ ಅಂತ ನಮ್ಮತ್ತೆ ಊರಲ್ಲಿ ಹೇಳ್ತಾರೆ" ಅಂದುಬಿಟ್ಟೆ. ನಮ್ಮತ್ತೆಯ ಊರಲ್ಲಿ ಅಂಥ ಮಾತು ಯಾರೂ ಹೇಳಿದ್ದಿಲ್ಲ. ಬಾಯಿಗೆ ಬಂದದ್ದು ಅಂದೆ, ಅಷ್ಟೇ.

ಮಾತು ಆಡಿದರೆ ಹೋಯಿತು. ಅಮ್ಮ ಅಳು ನಿಲ್ಲಿಸಿದಳು. ಮುತ್ಯಾಲಮ್ಮ ಬೂದಿಯ ಕೈಯಲ್ಲೇ ಮುಖ ಮುಚ್ಚಿಕೊಂಡು ಮೊದಲ ಸಲ ಜೋರಾಗಿ ನಕ್ಕಳು. ತಿಂಗಳೊಳಗೆ ಪಕ್ಕದ ಊರಿನ ಹೆಂಗಸರು ಅದೇ ಮಾತನ್ನು ನಮ್ಮ ಮನೆಗೆ ಬಂದು ನನಗೇ ಹೇಳಿದರು, ಹಿಂದಿನವರ ಮಾತು ಸುಳ್ಳಾಗಲ್ಲ ಬಿಡಮ್ಮ ಎಂದು.

ಆಮೇಲೆ ಹಾರಕ್ಕೆ ಮಡಕೆ ಸಾಲದಾಯಿತು. ಇಲಿ ಬಂದರೆ, ಇರುವೆ ಬಂದರೆ ಎಂದು ಅತ್ತೆ ಸೊಸೆ ಇಬ್ಬರಿಗೂ ನಿದ್ದೆ ಇಲ್ಲ. ಮರುವರ್ಷ ರಾಗಿ ಬಡಿದು ಹಗೇವು ತುಂಬುವಾಗ ಅಮ್ಮನಿಗೆ ಹೊಳೆಯಿತು. ಹಗೇವು ಎಂದರೆ ನೆಲದಲ್ಲಿ ತೋಡಿದ ರಾಗಿಯ ಗುಳಿ; ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಕೋಣೆಯಷ್ಟು. ಸುತ್ತ ಹುಲ್ಲು ಕೊಟ್ಟು ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಹಿಡಿಯುವುದಿಲ್ಲ. ಹಾರದ ಮಡಕೆಯನ್ನು ಆ ರಾಗಿಯೊಳಗೆ ಹುಗಿದು ಮುಚ್ಚಿದರು. ಯುದ್ಧಕಾಲದಲ್ಲಿ ಸರ್ಕಾರಕ್ಕೆಂದು ಧಾನ್ಯ ವಸೂಲಿ ಮಾಡುವ ಲೆವಿಯವರು ಬಂದು ನಮ್ಮ ಇನ್ನೊಂದು, ದೊಡ್ಡ ಹಗೇವಿನ ರಾಗಿ ಅಳೆದುಕೊಂಡು ಹೋದರು. ಹಾರವಿದ್ದ ಹಗೇವಿನ ಮೇಲೆ ಅಮ್ಮ ಹುಲ್ಲಿನ ಬಣವೆ ಒಟ್ಟಿಸಿದ್ದಳು, ಯಾರಿಗೂ ಕಾಣಲಿಲ್ಲ. ನಾವು ಗೆಣಸು ಬೇಯಿಸಿಕೊಂಡು ತಿಂದೆವು, ಸೊಪ್ಪು ತಿಂದೆವು. ಕಾಲ ಕೆಳಗೆ ರಾಗಿ ಇಟ್ಟುಕೊಂಡು ಮೂರು ವರ್ಷ ಅರೆಹೊಟ್ಟೆಯಲ್ಲಿದ್ದೆವು. ಆ ಹಗೇವು ತೆಗೆಯುವ ಮಾತೆತ್ತಿದರೆ ಅಮ್ಮ ಹೊಡೆಯಲು ಬರುತ್ತಿದ್ದಳು.

ಪ್ರತಿ ಶುಕ್ರವಾರ ಮುತ್ಯಾಲಮ್ಮನಿಗೆ ಎಣ್ಣೆ ಹಚ್ಚಿ ತಲೆ ಬಾಚುವವಳು ನಾನೇ. ಅವಳ ಬೈತಲೆಗೆ ಕುಂಕುಮ ನಾನು ಇಡುವ ಹಾಗಿರಲಿಲ್ಲ. ಅಮ್ಮ ಇಡುತ್ತಿದ್ದಳು, ನಾನು ಕನ್ನಡಿ ಹಿಡಿಯುತ್ತಿದ್ದೆ. ಹೇಳಿಬಿಡಬೇಕು ಎಂದು ಪ್ರತಿ ಶುಕ್ರವಾರವೂ ಅಂದುಕೊಂಡೆ. ನುಂಗಲೂ ಆಗದ ಉಗುಳಲೂ ಆಗದ ಬಿಸಿ ತುಪ್ಪ ಅದು. ಈ ವರ್ಷ ಹೇಳದಿದ್ದುದನ್ನು ಮುಂದಿನ ವರ್ಷ ಹೇಳುವುದು ಇನ್ನೂ ಕಷ್ಟ. ನಾನು ಹೇಡಿ.

ಯುದ್ಧ ಮುಗಿಯಿತು. ೧೯೪೬ರ ಬೇಸಗೆಯಲ್ಲಿ ವೆಂಕಟರಮಣಪ್ಪನವರು ಗಾಡಿ ಕಟ್ಟಿಕೊಂಡು ಬಂದರು. ಬಂದವರೇ ಅಮ್ಮನ ಮುಂದೆ ಕೂತು ಮೆಲ್ಲಗೆ ಅಂದರು: "ಬರೋರೆಲ್ಲ ಬಂದ್ರು, ನಮ್ಮ ಅಳಿಯ ಬರ್ಲಿಲ್ಲ. ಮುಳಬಾಗಿಲಲ್ಲಿ ಒಬ್ಬ ಒಳ್ಳೆ ಮನುಷ್ಯ ಇದಾನೆ, ಹೆಂಡ್ತಿ ಇಲ್ಲ. ನನ್ನ ಮಗಳನ್ನ ಸೀರುಡಿಕೆ ಮಾಡಿ ಕೊಡ್ತೀನಿ, ಬಿಟ್ಟುಕೊಡಿ."

"ನನ್ನ ಮಗ ಬದುಕಿದಾನೆ" ಅಂದಳು ಅಮ್ಮ.

"ಹೆಂಗೆ ಹೇಳ್ತೀರಾ?"

"ಹಗೇವು ತೆಗಿಸ್ತೀನಿ. ಹಾರ ಕೆಟ್ಟಿದ್ರೆ ಮಗಳನ್ನ ಕರ್ಕೊಂಡು ಹೋಗಿ. ಕೆಡದೆ ಇದ್ರೆ ಈ ಮಾತು ಎತ್ಕೊಂಡು ಇನ್ನೊಂದ್ಸಲ ಬರಬೇಡಿ."

ಅವರು ಮಗಳ ಕಡೆ ನೋಡಿದರು. "ಆಗ್ಲಿ ನಾನ್ನಾ" ಅಂದಳು ಮುತ್ಯಾಲಮ್ಮ. ಅವಳ ಮುಖದಲ್ಲಿ ಅಳುಕೇ ಇರಲಿಲ್ಲ. ಮೂರು ದಿನ ಬಿಟ್ಟು ಹಗೇವು ತೆಗೆಯುವುದೆಂದಾಯಿತು.

ನನಗೆ ಹುಚ್ಚು ಹಿಡಿದ ಹಾಗಾಯಿತು. ಆ ಹುಡುಗಿ ಬಿಡುಗಡೆಯಾಗಬೇಕು, ಹಾರ ಕೊಳೆತಿರಬೇಕು. ಆದರೆ ರಾಗಿ ಏನನ್ನೂ ಕೊಳೆಯಲು ಬಿಡುವುದಿಲ್ಲ ಎಂದು ನನಗೆ ಗೊತ್ತು. ಮರುದಿನವೇ ದೇವರ ಹರಕೆ ಎಂದು ನೆಪ ಹೇಳಿ ಕೋಲಾರದ ಮೇಲೆ ಮಾಲೂರಿಗೆ ಹೋದೆ. ಆವಲಪ್ಪನನ್ನೇ ಕರೆತಂದು ಅವನ ಬಾಯಿಂದಲೇ ಹೇಳಿಸೋಣ ಎಂದು ಅವನ ಹಳ್ಳಿ ಹುಡುಕಿಕೊಂಡು ಬಿಸಿಲಲ್ಲಿ ನಡೆದೆ. ಬಾಗಿಲಲ್ಲಿ ಅವನ ತಾಯಿ ಕೂತಿದ್ದಳು. ಆವಲಪ್ಪನೂ ಮರಳಿ ಯುದ್ಧಕ್ಕೆ ಹೋಗಿ ಇಂಫಾಲದ ಹತ್ತಿರ ಸತ್ತು ಎರಡು ವರ್ಷವಾಗಿತ್ತು. ಆ ಮುದುಕಿ ನನಗೇ ನೀರು ಕೊಟ್ಟು, "ನೀನ್ಯಾಕಮ್ಮ ಇಷ್ಟು ಅಳ್ತೀಯಾ" ಅಂತ ಕೇಳಿದಳು.

ಹಿಂದಿರುಗಿದ ಮರುದಿನ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಕೊಡ ತುಂಬಿಕೊಂಡು ಹಗೇವಿನ ಹತ್ತಿರ ಹೋದೆ. ಬಣವೆ ಸರಿಸಿದ್ದರು. ಚಪ್ಪಡಿಯ ಅಂಚಿನ ಮಣ್ಣು ಕಿತ್ತು ನಾಲ್ಕು ಕೊಡ ನೀರು ಸುರಿದಿದ್ದರೆ ರಾಗಿ ಬಿಸಿಯಾಗಿ, ಕಮಟು ಹಿಡಿದು, ಹಾರವೂ ಹಾಳಾಗುತ್ತಿತ್ತೋ ಏನೋ. ಕೊಡ ಬಗ್ಗಿಸಿದೆ. ಕೈ ಬರಲಿಲ್ಲ. ರಾಗಿಯ ಮೇಲೆ ನೀರು ಹುಯ್ಯುವುದೇ? ಒಂದು ಕಾಳು ತುಳಿದರೂ ಕಣ್ಣಿಗೊತ್ತಿಕೊಳ್ಳುವವರು ನಾವು. ಒಂದು ಹೆಣ್ಣಿನ ಬಾಳಿಗೆ ಕಲ್ಲು ಹಾಕಿದ ಕೈ, ರಾಗಿಗೆ ನೀರು ಹಾಕಲು ಹೆದರಿತು. ಕೊಡ ಹೊತ್ತುಕೊಂಡು ವಾಪಸ್ ಬಂದೆ. ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸಿತು.

ಆ ಸಂಜೆಯೇ ಚಪ್ಪಡಿ ಎತ್ತಿ ರಾತ್ರಿಯೆಲ್ಲ ಹಾಗೇ ಬಿಟ್ಟರು. ಒಳಗೆ ಕೆಟ್ಟ ಗಾಳಿ ಇರುತ್ತದೆ, ತಕ್ಷಣ ಇಳಿದವರು ಬದುಕುವುದಿಲ್ಲ. ಬೆಳಿಗ್ಗೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟರು, ಆರಿಹೋಯಿತು. ಬಿಸಿಲೇರಿದ ಮೇಲೆ ಇನ್ನೊಮ್ಮೆ ಬಿಟ್ಟಾಗ ಉರಿಯಿತು. ಪಕ್ಕದ ಮನೆಯ ಬಚ್ಚಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು, ರಾಗಿ ಸರಿಸಿ ಮಡಕೆ ಎತ್ತಿ ಕೊಟ್ಟ. ಅರ್ಧ ಊರು ಅಲ್ಲಿತ್ತು. ಅಮ್ಮ ಮಡಕೆಯ ಬಾಯಿಯ ಮಣ್ಣು ಒಡೆದಳು. ಮುತ್ಯಾಲಮ್ಮ ಬೂದಿಯೊಳಗೆ ಕೈ ಹಾಕಿ ಹಾರವನ್ನು ಮೇಲಕ್ಕೆತ್ತಿದಳು.

ವಾಡಾಮಲ್ಲಿ ಮದುವೆಯ ದಿನ ಹೇಗಿತ್ತೋ ಹಾಗೇ ನೇರಳೆ. ದವನದ ವಾಸನೆ ನಾನು ನಿಂತಿದ್ದ ಕಡೆಗೂ ಬಂತು. ಹೆಂಗಸರು ಕೈ ಮುಗಿದರು. ಅಮ್ಮ ನೆಲಕ್ಕೆ ಕುಸಿದು ಗೋಳೋ ಎಂದು ಅತ್ತಳು, ಸಂತೋಷಕ್ಕೆ. ವೆಂಕಟರಮಣಪ್ಪನವರು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು ಗಾಡಿಯ ಕಡೆ ತಿರುಗಿದರು.

"ಇರಿ" ಅಂದೆ. "ಅವ್ನು ಸತ್ತಿದಾನೆ. ನಾಲ್ಕು ವರ್ಷ ಆಯ್ತು. ನನಗೆ ಕಾಗದ ಬಂದಿತ್ತು."

ನಾನು ಓಡಿಹೋಗಿ ಅಟ್ಟ ಹತ್ತಿದೆ. ಅವತ್ತು ತುರುಕಿದ ಕಾಗದವನ್ನು ಅಂಜಿಕೆಯಿಂದ ಮತ್ತೆ ಒಂದು ದಿನವೂ ಮುಟ್ಟಿರಲಿಲ್ಲ. ಸಂದಿಗೆ ಕೈ ಹಾಕಿದರೆ ಸಿಕ್ಕಿದ್ದು ಗೆದ್ದಲಿನ ಮಣ್ಣು. ಕಾಗದದ ಜಾಗದಲ್ಲಿ ಮಣ್ಣಿನ ಒಂದು ಹೆಂಟೆ. ಒಡೆದು ನೋಡಿದರೆ ಉಗುರಿನಗಲದ ಎರಡು ಚೂರು, ಅಕ್ಷರವೇ ಇಲ್ಲ. ಆ ಹೆಂಟೆಯನ್ನೇ ಹಿಡಿದುಕೊಂಡು ಕೆಳಗೆ ಬಂದೆ. ಬೇರೆ ಏನಿತ್ತು ತರಲು?

ಕದಿರೇಶನಿಗೆ ಜ್ವರ ಬಂದದ್ದು, ಆವಲಪ್ಪನ ತೊಡೆಯ ಮೇಲೆ ಸತ್ತದ್ದು, ಹಾರದ ಮಾತು ನಾನೇ ಕಟ್ಟಿದ್ದು, ಎಲ್ಲ ಹೇಳಿದೆ. ಅಮ್ಮ ನನ್ನ ಕೈಯ ಮಣ್ಣು ನೋಡಿದಳು, ಹಾರ ನೋಡಿದಳು. "ಲೇ ಆಂಜಿನಿ, ನಿನ್ನ ಬಾಯಲ್ಲಿ ಹುಳ ಬೀಳಾ" ಅಂದಳು. ಮುತ್ಯಾಲಮ್ಮ ಮಾತ್ರ ಬಯ್ಯಲಿಲ್ಲ. ಹಾರವನ್ನು ಮಗುವಿನ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತಳು.

"ವದಿನಾ, ನಿಮಗೆ ಇಲ್ಲ ಅಂತ ನನಗೂ ಇರಬಾರದಾ?"

ವೆಂಕಟರಮಣಪ್ಪನವರೊಬ್ಬರೇ ನಂಬಿದರು ಅಂತ ಕಾಣುತ್ತದೆ. ಎತ್ತು ಕಟ್ಟುವಾಗ ನನ್ನ ಪಕ್ಕಕ್ಕೆ ಬಂದು, "ಅಮ್ಮಾ, ಇದನ್ನ ಆವತ್ತೇ ಹೇಳಿದ್ರೆ ನಿಮ್ಮ ಕಾಲಿಗೆ ಬೀಳ್ತಿದ್ದೆ" ಅಂದರು. ಬರಿ ಗಾಡಿ ಹೊಡೆದುಕೊಂಡು ಹೋದರು.

ಊರಿನವರು ಚದುರಿದ ಮೇಲೆ ಮುತ್ಯಾಲಮ್ಮ ಜಗುಲಿಯ ಮೇಲೆ ಕೂತು ಹಾರದ ಸಡಿಲವಾದ ಕಡೆ ಹೊಸ ಬಾಳೆನಾರು ಕಟ್ಟಿದಳು. ಮಡಕೆ ಒರೆಸಿದಳು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡದೆ, "ಬೂದಿ ಬೇಕು" ಅಂದಳು.

ಒಲೆಯ ಮುಂದೆ ಕೂತು ಬೂದಿ ಜರಡಿ ಹಿಡಿದೆ. ಕಿಡಿ ಉಳಿದಿದೆಯೇ ಎಂದು ಬೆರಳಾಡಿಸಿ ನೋಡಿದೆ. ಮೊರ ತುಂಬ ತಣ್ಣನೆಯ ಬೂದಿ ತಂದು ಅವಳ ಪಕ್ಕದಲ್ಲಿಟ್ಟೆ. ಅವಳಿಗೆ ಆಗ ಇಪ್ಪತ್ತೊಂದು ವರ್ಷ.